ಬೆರಿ ಪತಂಗದ ಹೊಟ್ಟೆ

ಕೀಟ ಸಂಗ್ರಹಾಲಯದ ಎರಡನೇ ಮಹಡಿಯಲ್ಲಿ, ಉತ್ತರದ ಕಿಟಕಿಗೆ ತಾಗಿದ ಮೇಜಿನ ಮುಂದೆ ಕೂತು ಇಪ್ಪತ್ತೆರಡು ವರ್ಷಗಳಿಂದ ಸತ್ತ ಪತಂಗಗಳಿಗೆ ಸೂಜಿ ಚುಚ್ಚುತ್ತಿದ್ದವಳನ್ನು ಎಲ್ಲರೂ ಸೂಜಿಯಮ್ಮ ಅನ್ನುತ್ತಿದ್ದರು. ಅವಳಿಗೂ ಒಂದು ಹೆಸರಿತ್ತು, ಇನಿಷಿಯಲ್ ಕೂಡ ಇತ್ತು. ಹಾಜರಿ ಪುಸ್ತಕ ಬಿಟ್ಟರೆ ಬೇರೆಲ್ಲೂ ಅದರ ಅಗತ್ಯ ಬಿದ್ದಿರಲಿಲ್ಲ.

ಉಗುರಿಗಿಂತ ಚಿಕ್ಕ ಪತಂಗದ ರೆಕ್ಕೆ ಬಿಡಿಸಿ, ಮೀಸೆ ಮುರಿಯದಂತೆ, ಬಣ್ಣದ ಪುಡಿ ಉದುರದಂತೆ ಒಣಗಿಸಿ ಡ್ರಾಯರಿಗೆ ಸೇರಿಸುವುದು ಅವಳ ಕೆಲಸ. ಪ್ರತಿ ಸೂಜಿಯ ಕೆಳಗೆ ಎರಡು ಚೀಟಿ ಇರುತ್ತವೆ. ಒಂದರಲ್ಲಿ ಹುಳ ಎಲ್ಲಿ ಸಿಕ್ಕಿತು, ಯಾರು ಹಿಡಿದರು ಅನ್ನುವುದು. ಇನ್ನೊಂದರಲ್ಲಿ ಅದು ಯಾವ ಹುಳ, ಹಾಗೆಂದು ಗುರುತಿಸಿದವರು ಯಾರು ಅನ್ನುವುದು. ಹಿಡಿದವರಿಗೂ ಹೆಸರುಂಟು, ಗುರುತಿಸಿದವರಿಗೂ ಹೆಸರುಂಟು. ನಡುವೆ ಉಸಿರು ಬಿಗಿಹಿಡಿದು ಅದಕ್ಕೊಂದು ರೂಪ ಕೊಟ್ಟವಳಿಗೆ ಚೀಟಿಯಿಲ್ಲ. "ಬಟ್ಟೆ ಮೇಲೆ ಸೂಜಿ ಹೆಸರು ಯಾರಾದ್ರೂ ಬರೀತಾರಾ?" ಎಂದು ಅವಳೇ ತಮಾಷೆ ಮಾಡುತ್ತಿದ್ದಳು. ತಮಾಷೆ ಮಾಡುತ್ತಿದ್ದಳು ನಿಜ, ಆದರೆ ಒಳಗೊಳಗೇ ಅದು ಅವಳಿಗೆ ನೋಯುತ್ತಿತ್ತು.

ನಿರ್ದೇಶಕರಿಗೆ ಈ ನೋವು ಬೇರೆ ಥರ. ಅವರು ಪತಂಗಗಳ ಬಗ್ಗೆ ನಲವತ್ತು ವರ್ಷ ಮಾತಾಡಿದ ಮನುಷ್ಯ. ಆದರೆ ಪತಂಗದ ರೆಕ್ಕೆಯ ಪುಡಿ ಮೂಗಿಗೆ ತಾಗಿದರೆ ಸಾಕು, ಕಿಟಕಿಯ ಗಾಜು ಅದುರುವ ಹಾಗೆ ಸೀನುತ್ತಿದ್ದರು. ಇದರಿಂದ ಅವರಿಗೆ ಲಾಭವೇ ಆಗಿತ್ತು ಅನ್ನಬೇಕು. ಹುಳದ ಹತ್ತಿರ ಹೋಗದೆ ಹುಳದ ಮೇಲೆ ಭಾಷಣ ಮಾಡುವ ಹುದ್ದೆಗೆ ಉಳಿದವರಿಗಿಂತ ಬೇಗ ಏರಿದರು. ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಹದಿನೈದು ವರ್ಷ ದಾಟಿತ್ತು. ನಿವೃತ್ತಿ ಹತ್ತಿರ ಬಂದಾಗ ಒಂದು ಕೊರಗು ಹತ್ತಿಕೊಂಡಿತು: ತಮ್ಮ ಹೆಸರಿನ ಒಂದೇ ಒಂದು ಪತಂಗವೂ ಲೋಕದಲ್ಲಿಲ್ಲ. ಅವರ ಜೊತೆ ಓದಿದವರೊಬ್ಬರ ಹೆಸರಿನಲ್ಲಿ ಮೂರು ಹುಳಗಳಿದ್ದವು. ಅದರಲ್ಲೊಂದು ಸಗಣಿ ತಿನ್ನುವಂಥದ್ದೇ ಆದರೂ ಹೆಸರು ಹೆಸರೇ ತಾನೆ.

ಹೊಸ ಹುಳಕ್ಕೆ ತನ್ನ ಹೆಸರನ್ನು ತಾನೇ ಇಟ್ಟುಕೊಳ್ಳುವುದು ಈ ವಿದ್ಯೆಯಲ್ಲಿ ಮರ್ಯಾದೆಯಲ್ಲ, ಇನ್ನೊಬ್ಬರು ಇಡಬೇಕು. ಅದಕ್ಕೆ ಉಪನಿರ್ದೇಶಕರಿದ್ದರು. ಅವರನ್ನು ಕಚೇರಿಯಲ್ಲಿ ಹೌದಪ್ಪ ಅನ್ನುತ್ತಿದ್ದರು. ಯಾಕೆಂದು ಬಿಡಿಸಿ ಹೇಳಬೇಕಾಗಿಲ್ಲ.

ಸೂಜಿಯಮ್ಮನ ಅಕ್ಕ ಮತ್ತು ಭಾವ ಊರಾಚೆಯ ಇಳಿಜಾರಿನಲ್ಲಿ ಹನ್ನೆರಡು ಸಾಲು ಬೆರಿ ಗಿಡ ಬೆಳೆಸಿಕೊಂಡು, ಹಣ್ಣನ್ನು ಜಾಮ್ ಮಾಡಿ ಮಾರಿ ಬದುಕುತ್ತಿದ್ದರು. ಹಿಂದಿನ ವರ್ಷ ಚಿಗುರುವ ಕಾಲದಲ್ಲಿ ಅಕ್ಕ ಒಂದು ಬಿಸ್ಕತ್ತಿನ ಡಬ್ಬಿ ಹಿಡಿದುಕೊಂಡು ಸೀದಾ ಸಂಗ್ರಹಾಲಯಕ್ಕೆ ಬಂದಿದ್ದಳು. ಡಬ್ಬಿಯ ತುಂಬ ಮೊಗ್ಗುಗಳು.

"ನೋಡೇ ಪುಟ್ಟಿ, ಮೊಗ್ಗೊಳಗೆ ಕೂತ್ಕೊಂಡು ತಿಂತಾ ಇದೆ. ಹೊರಗಿಂದ ನೋಡಿದ್ರೆ ಲಕ್ಷಣವಾಗಿದೆ, ಒಳಗೆ ಬರೀ ಟೊಳ್ಳು."

"ನಮ್ಮ ಆಫೀಸಿನ ಹಾಗೇ ಇದೆ ಬಿಡು," ಎಂದು ತಂಗಿ ಭೂತಗನ್ನಡಿ ಎತ್ತಿಕೊಂಡಳು. ಮೊಗ್ಗಿನೊಳಗೆ ಅಕ್ಕಿಕಾಳಿನಷ್ಟುದ್ದದ ಕೆಂಪು ಹುಳ ಯಾವ ಚಿಂತೆಯೂ ಇಲ್ಲದೆ ಮೇಯುತ್ತಿತ್ತು. "ಇದು ಬೆರಿ ಪತಂಗದ ಮರಿ ಕಣೆ. ಹಳೇ ಗಿರಾಕಿ, ಹೊಸದೇನಲ್ಲ. ಚಳಿಗಾಲ ಪೂರ್ತಿ ಹಳೇ ಕಡ್ಡಿಗಳ ಬುಡದಲ್ಲಿ ಮಲಗಿರತ್ತೆ. ಮುಂದಿನ ವರ್ಷ ಮೊಗ್ಗು ಬಿಡೋಕೆ ಮುಂಚೆ ಹಳೇ ಕಡ್ಡಿ ಎಲ್ಲ ಕತ್ತರಿಸಿ ಸುಟ್ಟುಬಿಡು. ತಡ ಮಾಡಿದ್ರೆ ಮೇಲಕ್ಕೆ ಹತ್ತಿ ಮೊಗ್ಗೊಳಗೆ ಸೇರ್ಕೊಳ್ಳತ್ತೆ, ಆಮೇಲೆ ಏನೂ ಮಾಡಕ್ಕಾಗಲ್ಲ."

ಅಕ್ಕ ಹೋದಳು. ಡಬ್ಬಿ ಉಳಿಯಿತು. ಬೇಸಿಗೆಯಲ್ಲಿ ಅದರಿಂದ ಐದು ಪತಂಗಗಳು ಹೊರಬಂದವು, ಕಂದು ರೆಕ್ಕೆಯ ಮೇಲೆ ಹಳದಿ ಚುಕ್ಕಿ. ಅವನ್ನು ಸೂಜಿಗೆ ಏರಿಸಿದ ವಾರವೇ ನಿರ್ದೇಶಕರ ಉಣ್ಣೆಯ ಕೋಟಿಗೆ ತೂತು ಬಿದ್ದಿತ್ತು. ಕೋಟಿನಲ್ಲಿ ಸಿಕ್ಕ ಒಂದು ಪುಟ್ಟ ಪತಂಗವನ್ನು ಅವರು ಲಕೋಟೆಯಲ್ಲಿ ಕಳಿಸಿ, ಇದು ಯಾವುದೆಂದು ತಿಳಿಸುವುದು ಎಂದು ಬರೆದಿದ್ದರು. "ಮಾಮೂಲಿ ಬಟ್ಟೆ ತಿನ್ನೋ ಹುಳ ಸಾರ್, ಎಲ್ಲರ ಮನೇಲೂ ಇರತ್ತೆ," ಎಂದು ಇವಳು ಹೇಳಿದ್ದಕ್ಕೆ ಅವರ ಮುಖ ಸಣ್ಣದಾಗಿತ್ತು. ತಮ್ಮ ಕೋಟನ್ನು ತಿನ್ನುವ ಹುಳ ಕೊಂಚವಾದರೂ ದೊಡ್ಡ ಮನೆತನದ್ದಾಗಿರಬೇಕೆಂದು ಅವರಿಗೆ ಅನಿಸಿದ್ದಿರಬೇಕು.

ಹೀಗೆ ಆ ದಿನ ಮೇಜಿನ ಮೇಲೆ ಆರು ಪತಂಗಗಳು: ಐದು ಬೆರಿ ಪತಂಗ, ಒಂದು ಕೋಟಿನ ಹುಳ. ಅಷ್ಟರಲ್ಲಿ ನಿರ್ದೇಶಕರೇ ಒಳಗೆ ಬಂದು, ಇನ್ನೊಂದು ಗಂಟೆಯಲ್ಲಿ ಅತಿಥಿಗಳು ಬರುತ್ತಾರೆ, ಎಲ್ಲವೂ ಅಚ್ಚುಕಟ್ಟಾಗಿರಲಿ ಎಂದು ಹೇಳುತ್ತಾ ಮೇಜಿನ ಮೇಲೆ ಬಗ್ಗಿದರು. ಬಗ್ಗಿದವರು ಸೀನಿದರು.

ಒಣಗಿದ ಪತಂಗದಲ್ಲಿ ಮೊದಲು ಉದುರುವುದು ಹೊಟ್ಟೆ. ಸೀನು ನಿಂತಾಗ ಒಂದು ಬೆರಿ ಪತಂಗಕ್ಕೂ ಕೋಟಿನ ಹುಳಕ್ಕೂ ಹೊಟ್ಟೆಯಿರಲಿಲ್ಲ. ಎರಡು ಹೊಟ್ಟೆಗಳು, ಎಳ್ಳಿನ ಸಿಪ್ಪೆಯಂಥವು, ನೆಲದ ಮೇಲೆ ಬಿದ್ದಿದ್ದವು. ಯಾವುದು ಯಾರದೆಂದು ಗೊತ್ತಾಗದಿದ್ದರೆ ಅವನ್ನು ಬೇರೆ ಡಬ್ಬಿಗೆ ಹಾಕಿ, ಗೊತ್ತಿಲ್ಲ ಎಂದು ಬರೆದಿಡುವುದು ನಿಯಮ. ಸೂಜಿಯಮ್ಮನಿಗೆ ನಿಯಮ ಬಾಯಿಪಾಠ. ಆದರೆ ಅತಿಥಿಗಳ ಮುಂದೆ ಹೊಟ್ಟೆಯಿಲ್ಲದ ಪತಂಗ ಇಡುವುದಕ್ಕೆ ಅವಳ ಕೈಯ ಹೆಮ್ಮೆ ಒಪ್ಪಲಿಲ್ಲ. ನೀರಲ್ಲಿ ಕರಗುವ ಅಂಟು ತೆಗೆದುಕೊಂಡು ಅಂದಾಜಿನ ಮೇಲೆ ಅಂಟಿಸಿಬಿಟ್ಟಳು. ಅರ್ಧಕ್ಕರ್ಧ ಸರಿಯಾಗುವ ಸಂಭವವಿತ್ತು. ಅತಿಥಿಗಳು ಬಂದರು, ಪತಂಗಗಳ ಕಡೆ ತಿರುಗಿಯೂ ನೋಡದೆ ಚಹಾ ಕುಡಿದು ಹೋದರು.

ಆಮೇಲೆ ಅವಳು ಅದನ್ನು ಮರೆತಳು. ಮರೆತಳು ಅನ್ನುವುದು ಪೂರ್ತಿ ನಿಜವಲ್ಲ, ನೆನಪಾದಾಗೆಲ್ಲ ಬೇರೆ ಕೆಲಸ ಹಿಡಿಯುತ್ತಿದ್ದಳು.

ಚಳಿಗಾಲದ ಕೊನೆಗೆ, ನಿವೃತ್ತಿಗೆ ಒಂದು ತಿಂಗಳಿದೆ ಅನ್ನುವಾಗ, ನಿರ್ದೇಶಕರು ಮೂಗಿಗೆ ಬಟ್ಟೆ ಕಟ್ಟಿಕೊಂಡು ಸಣ್ಣ ಪತಂಗಗಳ ಡ್ರಾಯರುಗಳನ್ನು ಜಾಲಾಡತೊಡಗಿದರು. ಇಂಥ ಸಣ್ಣ ಪತಂಗಗಳ ಜಾತಿ ಖಚಿತವಾಗುವುದು ರೆಕ್ಕೆಯಿಂದಲ್ಲ, ಹೊಟ್ಟೆಯ ತುದಿಯಲ್ಲಿರುವ ಜನನಾಂಗದಿಂದ. ಹೊಟ್ಟೆ ಕಿತ್ತು, ಕ್ಷಾರದಲ್ಲಿ ಕುದಿಸಿ, ಗಾಜಿನ ಪಟ್ಟಿಯ ಮೇಲೆ ಹರಡಿ ನೋಡಬೇಕು. ನಿರ್ದೇಶಕರು ಅಕ್ಕನ ತೋಟದ ಐದರಲ್ಲಿ ಒಂದನ್ನು ಆರಿಸಿ ಹಾಗೆ ಮಾಡಿದರು. ಮಾಡಿದವರು ಕುರ್ಚಿಯಿಂದ ಎದ್ದು ನಿಂತರು. ರೆಕ್ಕೆ ಬೆರಿ ಪತಂಗದ್ದು, ಜನನಾಂಗ ಯಾವ ಬೆರಿ ಪತಂಗಕ್ಕೂ ಇಲ್ಲದಂಥದ್ದು! ಉಳಿದ ನಾಲ್ಕನ್ನು ನೋಡುವ ಗೋಜಿಗೆ ಅವರು ಹೋಗಲಿಲ್ಲ. ನೋಡಿದರೆ ಹೊಸದು ಹಳೆಯದಾಗಿಬಿಡುವ ಅಪಾಯವಿತ್ತು.

"ಇದು ಹೊಸ ಪ್ರಭೇದ, ಅಲ್ವೇ?" ಎಂದು ಕೇಳಿದರು.

"ಹೌದು ಸಾರ್," ಎಂದರು ಹೌದಪ್ಪ, ಇನ್ನೂ ಬಾಗಿಲಲ್ಲೇ ನಿಂತು.

ಒಂದೇ ವಾರದಲ್ಲಿ ಪತ್ರಿಕೆಯಲ್ಲಿ ಸುದ್ದಿ ಬಂತು. ಲೋಕದಲ್ಲಿ ಒಂದೇ ಒಂದು ಇಳಿಜಾರಿನಲ್ಲಿ ಬದುಕುವ, ಅಳಿವಿನ ಅಂಚಿನ ಪತಂಗ. ಇದುವರೆಗೆ ಯಾರೂ ಅದನ್ನು ಕಂಡಿರಲಿಲ್ಲವಾದ್ದರಿಂದ ಅದು ಅಳಿಯುತ್ತಿದೆ ಎಂದು ಹೇಗೆ ಗೊತ್ತಾಯಿತು ಅಂತ ಯಾರೂ ಕೇಳಲಿಲ್ಲ. ಸಂರಕ್ಷಣಾ ಮಂಡಳಿಯವರು ಅಕ್ಕನ ತೋಟಕ್ಕೆ ಹೋಗಿ ಹಗ್ಗ ಕಟ್ಟಿ, ಬೋರ್ಡು ನೆಟ್ಟು, ಒಂದು ಕಡ್ಡಿಯನ್ನೂ ಕತ್ತರಿಸಕೂಡದು, ಸುಡಕೂಡದು ಎಂಬ ನೋಟೀಸು ಕೊಟ್ಟು ಬಂದರು. ಮೊಗ್ಗು ಬಿಡಲು ಹತ್ತು ದಿನ ಉಳಿದಿತ್ತು.

ಅಕ್ಕ ಫೋನು ಮಾಡಿ ಕೂಗಾಡಿದಳು. "ಹುಳಕ್ಕೆ ಔಷಧಿ ಕೇಳಕ್ಕೆ ನಿನ್ನ ಹತ್ರ ಬಂದೆ ನಾನು. ಈಗ ಹುಳಕ್ಕೆ ಬೋರ್ಡು, ನನಗೆ ನೋಟೀಸು! ದಿನಾ ನಾಲ್ಕು ಜನ ದುರ್ಬೀನು ಹಿಡ್ಕೊಂಡು ಬಂದು ಸಾಲು ತುಳಿದು ಹೋಗ್ತಾರೆ. ನಿನ್ನ ಭಾವ ತನ್ನ ತೋಟದೊಳಗೆ ಹೋಗಕ್ಕೆ ಪರ್ಮಿಶನ್ ಕೇಳಬೇಕಂತೆ. ಈ ವರ್ಷ ಹಣ್ಣಿಲ್ಲ ಅಂದ್ರೆ ನಾವೇನು ಬೋರ್ಡು ಬೇಯಿಸ್ಕೊಂಡು ತಿನ್ನೋದಾ?"

ಸೂಜಿಯಮ್ಮ ಫೋನಿಟ್ಟು ಸೀದಾ ನಿರ್ದೇಶಕರ ಗಾಜಿನ ಪಟ್ಟಿಯನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟಳು. ಅದು ಅವಳು ಸಾವಿರ ಸಲ ನೋಡಿದ್ದ, ಎಲ್ಲರ ಮನೆಯಲ್ಲೂ ಇರುವ, ಉಣ್ಣೆ ತಿನ್ನುವ ಮಾಮೂಲಿ ಹುಳದ ಹಿಂಭಾಗ. ಕೋಟಿನ ಹುಳದ ಡ್ರಾಯರು ತೆಗೆದು ಭೂತಗನ್ನಡಿ ಹಿಡಿದಳು. ಅದರ ಸೊಂಟದಲ್ಲಿ ಅವಳದೇ ಅಂಟಿನ ಬಿಳಿ ಚುಕ್ಕಿ. ಅದರಾಚೆ ಅಕ್ಕನ ತೋಟದ ಬೆರಿ ಪತಂಗದ ಹೊಟ್ಟೆ ನೆಮ್ಮದಿಯಾಗಿ ಕೂತಿತ್ತು. ಲೋಕದ ಅತ್ಯಂತ ಅಪರೂಪದ ಪತಂಗ ಮುಂದೆ ಅಕ್ಕನ ತೋಟ, ಹಿಂದೆ ನಿರ್ದೇಶಕರ ಕೋಟು.

ಅವಳು ಅಂದೇ ಹೋಗಿ ಹೇಳಿದಳು. ಏನೂ ಬಚ್ಚಿಡಲಿಲ್ಲ, ತಪ್ಪು ತನ್ನದೆಂದೂ ಹೇಳಿದಳು. ನಿರ್ದೇಶಕರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

"ಇದು ಇನ್ಯಾರಿಗೆ ಗೊತ್ತು?"

"ನನಗೆ ಮಾತ್ರ ಸಾರ್."

"ಕೂತ್ಕೊಳ್ಳಿ," ಎಂದರು. ಇಪ್ಪತ್ತೆರಡು ವರ್ಷದಲ್ಲಿ ಆ ಕೋಣೆಯಲ್ಲಿ ಅವಳಿಗೆ ಅವರು ಕುರ್ಚಿ ತೋರಿಸಿದ್ದು ಅದೇ ಮೊದಲು. "ನೋಡಿ, ಹೆಸರು ಇನ್ನೂ ಅಂತಿಮ ಆಗಿಲ್ಲ. ಶುಕ್ರವಾರದ ಸಭೆಯಲ್ಲಿ ಘೋಷಣೆ. ನನ್ನ ಹೆಸರು ಅಂತ ಉಪನಿರ್ದೇಶಕರ ಒತ್ತಾಯ. ಆದ್ರೆ ನಾನು ಯೋಚನೆ ಮಾಡ್ತಾ ಇದ್ದೆ, ಇಷ್ಟು ವರ್ಷ ತೆರೆಮರೆಯಲ್ಲಿ ದುಡಿದವರು ನೀವು. ನಿಮ್ಮ ಹೆಸರೇ ಇಟ್ಟರೆ ಹೇಗೆ?"

"ನನ್ನ ಹೆಸರಾ ಸಾರ್?" ಎಂದಳು ಅವಳು.

"ಯಾರಾದ್ರೂ ಅದು ತಪ್ಪು ಅಂತ ಕಂಡುಹಿಡಿಯೋ ಹೊತ್ತಿಗೆ ಐವತ್ತು ವರ್ಷ ಆಗತ್ತೆ," ಎಂದು ಅವರು ಮೆಲ್ಲಗೆ ಸೇರಿಸಿದರು. "ಅಷ್ಟರಲ್ಲಿ ನಾವು ಇರ್ತೀವಾ?"

ಅವರು ಲಂಚ ಕೊಡುತ್ತಿದ್ದಾರೆಂದು ಗೊತ್ತಾಗದಷ್ಟು ದಡ್ಡಿಯಲ್ಲ ಅವಳು. ಆದರೂ ಬಸ್ಸಿನಲ್ಲಿ ಮನೆಗೆ ಹೋಗುವಾಗ ತನ್ನ ಹೆಸರನ್ನು ಲ್ಯಾಟಿನ್ ಬಾಲ ಸೇರಿಸಿ ಬಾಯೊಳಗೇ ಹೇಳಿಕೊಂಡು ನೋಡಿದಳು. ಚೆನ್ನಾಗಿತ್ತು. ಇನ್ನೊಂದು ಸಲ ಹೇಳಿಕೊಂಡಳು. ಪಕ್ಕದ ಸೀಟಿನ ಹೆಂಗಸು ಸ್ವಲ್ಪ ಸರಿದು ಕೂತಳು.

ಮನೆಗೆ ಬಂದು ಅಕ್ಕನಿಗೆ ಫೋನು ಮಾಡಿದಳು. ನಿಜ ಹೇಳಬೇಕೆಂದೇ ಮಾಡಿದ್ದು. ಬಾಯಿಗೆ ಬಂದದ್ದು ಬೇರೆ. "ಅಕ್ಕಾ, ಆ ಪತಂಗಕ್ಕೆ ನನ್ನ ಹೆಸರು ಇಡ್ತಾರಂತೆ."

ಅಕ್ಕನ ಸಿಟ್ಟು ಅಲ್ಲಿಗೇ ಇಳಿಯಿತು.

"ನಿನ್ನ ಹೆಸರಾ? ಪೂರ್ತಿ ಹೆಸರಾ?"

"ಪೂರ್ತಿ."

"ಪುಸ್ತಕದಲ್ಲಿ ಬರತ್ತಾ? ಯಾವಾಗ್ಲೂ ಇರತ್ತಾ?"

"ಹ್ಞೂಂ."

"ರೀ, ಇಲ್ಲಿ ಕೇಳ್ರೀ!" ಎಂದು ಅಕ್ಕ ಭಾವನನ್ನು ಕೂಗಿದಳು. ಆಮೇಲೆ ದನಿ ಇಳಿಸಿ ಹೇಳಿದಳು. "ಹಂಗಾದ್ರೆ ಈ ವರ್ಷ ತಿಂದ್ಕೊಂಡು ಹೋಗ್ಲಿ ಬಿಡು ಪುಟ್ಟಿ. ಹೆಂಗೋ ಸುಧಾರಿಸ್ಕೋತೀವಿ. ನಿನ್ನನ್ನ ಯಾರೂ ಲೆಕ್ಕಕ್ಕೇ ತಗೊಳ್ಳಲ್ಲ ಅಂತ ನನಗೆ ಎಷ್ಟು ಉರೀತಿತ್ತು ಗೊತ್ತಾ? ನೀನು ಚಿಂತೆ ಮಾಡಬೇಡ, ನಾವು ಕತ್ತರಿ ಮುಟ್ಟಲ್ಲ."

ಫೋನಿಟ್ಟ ಮೇಲೆ ಸೂಜಿಯಮ್ಮ ಅತ್ತಳು. ಸಂತೋಷದ ಅಳುವಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಒಂದು ವರ್ಷದ ಬೆಳೆಯನ್ನು ತನಗಾಗಿ ಹುಳಕ್ಕೆ ಬಿಡುತ್ತಿದ್ದಾಳೆ ಅಕ್ಕ, ಅದೂ ಇಲ್ಲದ ಹುಳದ ಹೆಸರಿಗೆ. ತನ್ನ ಮೇಲೆ ತನಗೇ ಅಸಹ್ಯವಾಯಿತು.

ಶುಕ್ರವಾರ ಬೆಳಗ್ಗೆ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಸಂರಕ್ಷಣಾ ಮಂಡಳಿಯ ಅಧ್ಯಕ್ಷೆ, ಅವರ ಹಿಂದೆ ಕಚೇರಿಯ ಅಷ್ಟೂ ಮಂದಿ. ವೇದಿಕೆಯ ಮೇಲೆ ಮೈಕ್ರೋಸ್ಕೋಪು, ಅದರಲ್ಲಿ ಕಂಡದ್ದನ್ನು ಗೋಡೆಯಷ್ಟು ದೊಡ್ಡದಾಗಿ ತೋರಿಸುವ ಪರದೆ. ಹೌದಪ್ಪ ಇಪ್ಪತ್ತು ನಿಮಿಷ ಮಾತಾಡಿ ನಿರ್ದೇಶಕರ ಹದ್ದಿನ ಕಣ್ಣನ್ನು ಹೊಗಳಿದರು. ನಿರ್ದೇಶಕರು ಎದ್ದು, ತಮ್ಮ ಹೆಸರು ಬೇಡವೆಂದು ತಾವೇ ಹೇಳಿದ್ದನ್ನು ಮೂರು ಸಲ ಹೇಳಿ, ಸೂಜಿಯಮ್ಮನನ್ನು ವೇದಿಕೆಗೆ ಕರೆದರು. ಚಪ್ಪಾಳೆ ಬಿತ್ತು. ಇಪ್ಪತ್ತೆರಡು ವರ್ಷ ಅವಳನ್ನು ನೋಡಿಯೂ ನೋಡದಂತಿದ್ದವರು ಎದ್ದು ನಿಂತು ತಟ್ಟಿದರು.

"ಎರಡು ಮಾತು ಹೇಳಿ," ಎಂದರು ನಿರ್ದೇಶಕರು.

ಅವಳು ಮೊದಲು ಗಾಜಿನ ಪಟ್ಟಿಯನ್ನು ಪರದೆಗೆ ತಂದಳು. "ಇದು ಅಪರೂಪದ ಪತಂಗದ್ದು ಅಂತ ಎಲ್ಲರೂ ಹೇಳಿದಾರೆ." ಆಮೇಲೆ ಕೈಲಿದ್ದ ಡಬ್ಬಿಯಿಂದ ಕೋಟಿನ ಹುಳವನ್ನು ತೆಗೆದು ಮೈಕ್ರೋಸ್ಕೋಪಿನ ಕೆಳಗಿಟ್ಟಳು. "ಇದು ಬಟ್ಟೆ ತಿನ್ನೋ ಹುಳ. ಇದರ ಸೊಂಟದಲ್ಲಿ ಬಿಳಿ ಚುಕ್ಕಿ ಕಾಣ್ತಾ ಇದೆಯಲ್ಲ, ಅದು ಅಂಟು. ಅಂಟಿಸಿದ್ದು ನಾನು."

ಪಿಪೆಟ್ಟಿನಿಂದ ಒಂದು ಹನಿ ನೀರು ಬಿಟ್ಟಳು. ಗೋಡೆಯಷ್ಟು ದೊಡ್ಡ ಹುಳದ ಸೊಂಟದಲ್ಲಿ ಅಂಟು ಮೆತ್ತಗಾಯಿತು, ಹೊಟ್ಟೆ ನಿಧಾನವಾಗಿ ವಾಲಿ ಕಳಚಿ ಬಿತ್ತು.

"ಈ ಬಿದ್ದಿರೋ ಹೊಟ್ಟೆ ನಮ್ಮಕ್ಕನ ತೋಟದ ಬೆರಿ ಪತಂಗದ್ದು. ಆ ಗಾಜಿನ ಮೇಲಿರೋದು ಈ ಹುಳದ್ದು. ಸೀನಿಗೆ ಎರಡೂ ಉದುರಿದವು, ನಾನು ಅದಲುಬದಲು ಅಂಟಿಸಿದೆ. ಹೊಸ ಪತಂಗ ಇಲ್ಲ. ಇರೋದು ಒಂದು ಹಳೇ ಪತಂಗ, ಒಂದು ಹಳೇ ಕೋಟು, ಒಂದು ನನ್ನ ತಪ್ಪು."

"ಕೋಟು ಯಾರದು?" ಎಂದು ಮಂಡಳಿಯ ಅಧ್ಯಕ್ಷೆ ಕೇಳಿದರು.

ಉತ್ತರ ಬೇಕಾಗಲಿಲ್ಲ. ಹೌದಪ್ಪ ಅಭ್ಯಾಸಬಲದಿಂದ "ಹೌದು" ಎಂದು ನಿರ್ದೇಶಕರ ಕಡೆ ನೋಡಿಬಿಟ್ಟರು. ನಿರ್ದೇಶಕರು ಏನೋ ಹೇಳಲು ಮೈಕ್ರೋಸ್ಕೋಪಿನ ಹತ್ತಿರ ಧಾವಿಸಿದರು, ಬಗ್ಗಿದರು, ಅವರ ಮೂಗು ಅರಳಿತು. ಸೂಜಿಯಮ್ಮನ ಕೈ ತಾನಾಗಿಯೇ ಹೋಗಿ ಹುಳವನ್ನು ಮುಚ್ಚಿಕೊಂಡಿತು. ಸೀನು ಅವಳ ಕೈಯ ಹಿಂಬದಿಗೆ ಬಿತ್ತು. ಆ ಸಭೆಯಲ್ಲಿ ಕೊನೆಗೆ ಉಳಿದ ಗಂಭೀರವಾದ ಸದ್ದು ಅದೊಂದೇ, ಆಮೇಲಿನದೆಲ್ಲ ನಗು.

ಹಗ್ಗ ಶನಿವಾರ ಬಿಚ್ಚಿದರು, ಬೋರ್ಡನ್ನು ಅಲ್ಲೇ ಬಿಟ್ಟು ಹೋದರು. ಭಾವ ಅದನ್ನು ಕೋಳಿಗೂಡಿನ ಬಾಗಿಲಿಗೆ ಹೊಡೆದ. ಭಾನುವಾರ ಮೂವರೂ ಸೇರಿ ಕಡ್ಡಿ ಕತ್ತರಿಸಿದರು. ಅಕ್ಕ ಒಂದು ಕಡ್ಡಿಯ ಬುಡ ಸೀಳಿ, ಒಳಗೆ ಮಲಗಿದ್ದ ಕೆಂಪು ಮರಿಯನ್ನು ಅಂಗೈಯಲ್ಲಿಟ್ಟು ತುಂಬ ಹೊತ್ತು ನೋಡಿದಳು.

"ಇದಕ್ಕಾ ನಿನ್ನ ಹೆಸರು ಇಡಬೇಕು ಅಂತಿದ್ದದ್ದು?"

"ಇದಕ್ಕೂ ಅಲ್ಲ. ಇಲ್ಲದೇ ಇರೋದಕ್ಕೆ."

"ಒಂದು ಮಾತು ನನಗೆ ಮೊದಲೇ ಹೇಳಬಾರದಿತ್ತೇನೇ?"

"ಹೇಳಕ್ಕೆ ನಾಚಿಕೆ ಆಯ್ತು," ಎಂದಳು ತಂಗಿ. "ಅದು ನನಗೆ ಬೇಕಾಗಿತ್ತು ಅಕ್ಕಾ."

ಅಕ್ಕ ಮರಿಯನ್ನು ಬೆಂಕಿಗೆ ಹಾಕಿ, ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಬಾ, ಇನ್ನೂ ಆರು ಸಾಲಿದೆ," ಎಂದಳು.

ಸೋಮವಾರ ಮೇಜಿನ ಮೇಲೆ ಮೆಮೊ ಕಾಯುತ್ತಿತ್ತು. ಸಂಸ್ಥೆಯ ಘನತೆಗೆ ಧಕ್ಕೆ ತಂದ ಈ ಕೃತ್ಯಕ್ಕೆ ಹೊಣೆ ಯಾರೆಂದು ಲಿಖಿತ ವಿವರಣೆ ಕೊಡುವುದು. ಮಂಗಳವಾರದಿಂದ ನೆಲಮಹಡಿಯ ಜೀರುಂಡೆ ವಿಭಾಗಕ್ಕೆ ವರ್ಗಾವಣೆ, ಅಲ್ಲಿ ಬಾಟಲಿ ತೊಳೆಯುವುದು. ಅಪರೂಪದ ಮಾದರಿಯೆನಿಸಿದ್ದ ವಸ್ತುವನ್ನು ಕೂಡಲೇ ನಾಶಪಡಿಸುವುದು. ಕೆಳಗೆ ಹೌದಪ್ಪನವರ ಸಹಿ. ನಿರ್ದೇಶಕರು ಆರೋಗ್ಯದ ಕಾರಣ ರಜೆಯ ಮೇಲೆ ಹೋಗಿದ್ದರು.

ಉತ್ತರದ ಕಿಟಕಿಯ ಬೆಳಕನ್ನು ಅವಳು ಸ್ವಲ್ಪ ಹೊತ್ತು ನೋಡಿದಳು. ಅದು ನೆಲಮಹಡಿಯಲ್ಲಿ ಸಿಗುವುದಿಲ್ಲ. ಆದರೂ ನಾಶಪಡಿಸುವ ಮಾತು ಓದಿ ನಗು ಬಂತು. ಈ ಕೋಣೆಗೆ ಒಮ್ಮೆ ಸೇರಿದ್ದನ್ನು ಎಸೆಯುವಂತಿಲ್ಲ, ತಪ್ಪಿದ್ದರೆ ಇನ್ನೊಂದು ಚೀಟಿ ಸೇರಿಸಬೇಕು. ಆ ನಿಯಮವನ್ನು ಅವಳು ಇನ್ನು ಮುರಿಯುವವಳಲ್ಲ.

ಅಂಗುಲದ ಅರ್ಧದಷ್ಟು ಕಾಗದ ಕತ್ತರಿಸಿ, ತೆಳು ನಿಬ್ಬು ತೆಗೆದುಕೊಂಡು ಬರೆದಳು: 'ಮುಂಭಾಗ ಬೆರಿ ಪತಂಗ, ಅಕ್ಕನ ತೋಟ. ಹಿಂಭಾಗ ಬಟ್ಟೆ ಹುಳ, ನಿರ್ದೇಶಕರ ಕೋಟು. ಅಂಟಿಸಿದವಳು ಮತ್ತು ಗುರುತಿಸಿದವಳು.' ಅದರ ಮುಂದೆ ತನ್ನ ಹೆಸರನ್ನು ಇನಿಷಿಯಲ್ ಸಮೇತ ಪೂರ್ತಿ ಬರೆದು, ಮಸಿ ಆರಿದ ಮೇಲೆ ಆ ಪತಂಗದ ಸೂಜಿಗೆ, ಮೊದಲಿದ್ದ ಎರಡು ಚೀಟಿಗಳ ಕೆಳಗೆ, ಏರಿಸಿದಳು.

ಮೆಮೊದ ವಿವರಣೆಯ ಜಾಗದಲ್ಲಿ ಒಂದೇ ಸಾಲು ಬರೆದು ಕಳಿಸಿದಳು: 'ಎರಡನೇ ಬೀರು, ಏಳನೇ ಡ್ರಾಯರು, ಮೂರನೇ ಚೀಟಿ ನೋಡುವುದು.'